ಬೋಗುಣಿಗೆ ಸೊಪ್ಪು ಬೆಳೆದ ಚಿಕ್ಕೀರ

ಒಂದೂರಲ್ಲಿ ಸಣ್ಣಮಾರವ್ವ ಅಂತ ಒಬ್ಬಳು. ಅವಳಿಗೊಬ್ಬ ಮಗ, ಚಿಕ್ಕೀರ. ಆಳು ಬಾಗಿಲೆತ್ತರ, ಬುದ್ಧಿ ಹೊಸ್ತಿಲೆತ್ತರ. ಮನೆಯಲ್ಲಿ ಇನ್ನೊಂದು ಜೀವ, ಬೋಗುಣಿ ಅನ್ನೋ ಆಮೆ. ಚಿಕ್ಕೀರನ ಅಪ್ಪ ಸಾಕಿದ್ದು. ಸಾಯುವಾಗ "ಇದನ್ನ ಉಪವಾಸ ಕೆಡವಬೇಡ" ಅಂತ ಹೆಂಡತಿಯಿಂದ ಭಾಷೆ ತಗೊಂಡಿದ್ದ. ಬರೀ ಅನ್ನ ತಿಂದೂ ತಿಂದೂ ಅದರ ಚಿಪ್ಪು ಮೆತ್ತಗಾಯ್ತು.

ಊರಲ್ಲಿ ಮದ್ದು ಕೊಡೋ ಪಂಡಿತರು ನೋಡಿದರು. "ಅನ್ನ ನಿಲ್ಲಿಸವ್ವ. ಹೊನಗೊನೆ ಸೊಪ್ಪು, ದಾಸವಾಳದ ಎಲೆ ಬೆಳೆದು ಹಾಕು. ಇಲ್ದಿದ್ರೆ ಇದು ಉಳಿಯಲ್ಲ" ಅಂದರು.

ಅವ್ವ ಕಡ್ಡಿ ತಂದುಕೊಟ್ಟಳು. "ಹಿತ್ತಲಲ್ಲಿ ನೆಡು ಮಗಾ. ಬೇರು ಬಿಡ್ತಾ ಅಂತ ದಿನಾ ನೋಡ್ತಿರು."

ನೆಟ್ಟ. ದಿನಾ ಕಿತ್ತ, ನೋಡಿದ, ನೆಟ್ಟ. ಕಿತ್ತ, ನೋಡಿದ, ನೆಟ್ಟ. ಎಂಟು ದಿನಕ್ಕೆ ಕಡ್ಡಿ ಸೌದೆಯಾಯ್ತು.

"ಅಯ್ಯೋ ನನ್ನ ಕರ್ಮವೇ! ಮಣ್ಣಲ್ಲಿರೋದನ್ನ ಮುಟ್ಟಬಾರದು ಕಣೋ! ಬರೀ ನೀರು ಹುಯ್ಯಬೇಕು!"

"ಆಗ್ಲಿ ಕಣವ್ವ."

ಹೊಸ ಕಡ್ಡಿ ನೆಟ್ಟ. ಬಿಸಿಲು ತಾಳದೆ ಬೋಗುಣಿ ಪಾತಿ ಕೆದರಿ ಮಣ್ಣೊಳಗೆ ಸೇರಿಕೊಂಡಿತು. ಚಿಕ್ಕೀರ ಮುಟ್ಟಲಿಲ್ಲ. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ. ಅವ್ವ ಊರೆಲ್ಲ ಹುಡುಕಿ ಬಂದಳು.

"ಬೋಗುಣಿ ಎಲ್ಲೋ?"

"ಮಣ್ಣೊಳಗದೆ ಕಣವ್ವ. ನೀರು ಹುಯ್ತಾನೇ ಇವ್ನಿ, ಇನ್ನೂ ಚಿಗುರಿಲ್ಲ!"

ಕೆಸರಿಂದ ಎಳೆದಳು. ಪುಣ್ಯಕ್ಕೆ ಉಸಿರಿತ್ತು. "ಲೋ ಮಂಕೇ! ಪಾತಿ ಸುತ್ತ ಬೇಲಿ ಕಟ್ಟು. ನಾಲ್ಕು ಕಾಲಲ್ಲಿ ಬರೋದು ಯಾವುದನ್ನೂ ಒಳಗೆ ಬಿಡಬೇಡ!"

ಕಟ್ಟಿದ. ಬಾಗಿಲಿಡು ಅಂತ ಅವಳು ಹೇಳಲಿಲ್ಲ, ಇವನು ಇಡಲಿಲ್ಲ. ಬೇಲಿ ಮೇಲಿಂದಲೇ ನೀರು. ಅವ್ವ ತಂಗಿಯ ಬಾಣಂತನಕ್ಕೆ ಹೋಗಿ ಇಪ್ಪತ್ತು ದಿನಕ್ಕೆ ಬಂದಳು. ಒಳಗೆ ಸೊಪ್ಪು ಸೊಂಪಾಗಿದೆ. ಹೊರಗೆ ಬೋಗುಣಿ ಬೇಲಿಗೆ ಮೂತಿಯಿಟ್ಟು ಬಾಡಿ ಕೂತಿದೆ. ಚಿಕ್ಕೀರ ಹುಣಸೆ ಬರಲು ಹಿಡಿದು "ಹುಷ್! ಹುಷ್!" ಅಂತಿದ್ದಾನೆ.

"ಇದಕ್ಕೂ ನಾಲ್ಕು ಕಾಲವ್ವ. ಎಣಿಸಿ ನೋಡಿದೆ!"

ಅವಳಿಗೆ ಅಳುವೇ ಬಂತು. "ನಿಮ್ಮಪ್ಪನಿಗೆ ಏನು ಹೇಳಲೋ! ಅದು ನುಗ್ಗೋ ಹಂಗೆ ಕಂಡಿ ಮಾಡು. ಅದೊಂದನ್ನ ಬಿಟ್ಟು ನಾಲ್ಕು ಕಾಲಿಂದು ಇನ್ಯಾವುದೂ ಒಳಗೆ ಹೋಗಕೂಡದು!"

ಕಂಡಿ ಮಾಡಿದ. ಬೋಗುಣಿ ನುಗ್ಗಿತು. ಕರಕರ ತಿಂದಿತು! ಅವ್ವನಿಗೆ ಸಂತೋಷ ತಡೆಯಲಿಲ್ಲ. ಹತ್ತಿರದಿಂದ ನೋಡೋಣ ಅಂತ ಮಂಡಿಯೂರಿ, ಕೈಯೂರಿ, ಆ ಕಂಡಿಗೇ ತಲೆ ತೂರಿಸಿದಳು.

ಬೆನ್ನಿಗೆ ಬಿತ್ತು ಹುಣಸೆ ಬರಲು! "ಹುಷ್! ಆಚೆ!"

"ಲೇ, ನಾನು ನಿಮ್ಮವ್ವ ಕಣೋ!"

"ನಮ್ಮವ್ವನಿಗೆ ಎರಡೇ ಕಾಲು. ನಂಗೊತ್ತಿಲ್ವಾ!"

ಅಂತೂ ಬೋಗುಣಿ ಬದುಕಿತು. ಸಣ್ಣಮಾರವ್ವನ ಬೆನ್ನಿಗೆ ಮಾತ್ರ ಎಂಟು ದಿನ ಬಿಸಿನೀರ ಶಾಖ.