ಆಮೆಯಜ್ಜ ಹೇಳಿದ ಸುಳ್ಳು

ಗಡಿಯ ಊರೊಂದರ ಕೆರೆಯ ದಂಡೆಯಲ್ಲಿ ಮುದಿ ಆಮೆಯೊಂದು, ನಾಯಿಯೊಂದು ಮತ್ತು ಮೂರು ಮೊಲಗಳು ಒಟ್ಟಿಗೆ ಬಾಳುತ್ತಿದ್ದವು. ಯುದ್ಧ ಶುರುವಾದ ಮೇಲೆ, ಸೈರನ್ ಕೂಗಿದೊಡನೆ ರಸ್ತೆಯಡಿಯ ಮೋರಿಗೆ ಓಡಬೇಕೆಂದು ಮಾತಾಡಿಕೊಂಡಿದ್ದವು.

ಒಂದು ಮಧ್ಯಾಹ್ನ ಸೈರನ್ ಕೂಗಿತು. ಆಮೆ ಮೋರಿಯತ್ತ ನೋಡಿತು, ತನ್ನ ಕಾಲುಗಳನ್ನೂ ನೋಡಿಕೊಂಡಿತು. ತನಗಾಗಿ ಕಾದು ನಿಂತರೆ ಉಳಿದವರ ಪ್ರಾಣಕ್ಕೂ ಸಂಚಕಾರವೆಂದು ಅದಕ್ಕೆ ಹೊಳೆಯಿತು.

“ನೀವು ಓಡಿ. ನನಗೇನು, ಬೆನ್ನ ಮೇಲೆ ಚಿಪ್ಪಿದೆ. ಬಾಂಬು ಬಿದ್ದರೂ ಇದಕ್ಕೆ ಒಂದು ಗೀರೂ ಆಗದು,” ಎಂದು ಜಂಬದಿಂದ ಹೇಳಿತು.

ಮೊಲಗಳು ನಂಬಿ ಓಡಿದವು. ನಾಯಿಯೂ ಓಡಿತು. ಆದರೆ ಅರ್ಧ ದಾರಿಯಲ್ಲಿ ಒಮ್ಮೆ ತಿರುಗಿ ನೋಡಿದ ನಾಯಿ ಹಿಂದಕ್ಕೆ ಧಾವಿಸಿ ಬಂದು, ಆಮೆಯನ್ನು ಬಾಯಲ್ಲಿ ಕಚ್ಚಿಕೊಂಡು ಮೋರಿಯೊಳಗೆ ನುಗ್ಗಿತು. ಮರುಕ್ಷಣವೇ ನೆಲ ನಡುಗಿತು. ಆಮೆ ಕೂತಿದ್ದ ಜಾಗದ ಮಣ್ಣು ಮುಗಿಲೆತ್ತರಕ್ಕೆ ಹಾರಿತು.

ಸದ್ದು ಅಡಗಿದ ಮೇಲೆ ಆಮೆ ಮೆಲ್ಲಗೆ ಕೇಳಿತು, “ಯಾಕಪ್ಪಾ ತಿರುಗಿ ಬಂದೆ? ಚಿಪ್ಪಿದೆ ಎಂದು ಹೇಳಿದ್ದೆನಲ್ಲ.”

ನಾಯಿ ಏದುಸಿರು ಬಿಡುತ್ತ ಹೇಳಿತು, “ಹೇಳಿದಿರಿ ಅಜ್ಜ. ಆದರೆ ನೀವು ಅದರೊಳಗೆ ಹೋಗಿರಲೇ ಇಲ್ಲ. ನಾವು ಮೋರಿ ಮುಟ್ಟಿದೆವೋ ಇಲ್ಲವೋ ಎಂದು ಕತ್ತು ಚಾಚಿ ನೋಡುತ್ತಿದ್ದಿರಿ.”