ಸಿದ್ದವ್ವ ಹಂಡೆ ತೊಳೆದು ಕೊಡುತ್ತೇನೆ ಎಂದಳು

ಒಂದು ಕಾಡಿನಲ್ಲಿ ಒಂದು ಹಂಡೆ ತೂತು ಬಿತ್ತು. ಇದೂ ಒಂದು ಸುದ್ದಿಯೇ ಅಂತ ಮೂಗು ಮುರಿಯಬೇಡಿ. ಆ ಹಂಡೆ ಇದ್ದದ್ದು ಮುಳ್ಳುಹಂದಿ ಸಿದ್ದವ್ವನ ಬಚ್ಚಲಲ್ಲಿ. ಅವಳ ಮಗಳು ಹೊನ್ನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಇಂದೋ ನಾಳೆಯೋ ಎನ್ನುವ ಹಾಗಿತ್ತು. ಹುಟ್ಟುವ ಕೂಸಿಗೂ ಬಾಣಂತಿಗೂ ಹಂಡೆ ತುಂಬ ಬಿಸಿನೀರು ಬೇಕು. ಆದರೆ ಆ ದಿನ ಬೆಳಗ್ಗೆ ನೀರು ತುಂಬಿ ಬೆಂಕಿ ಹಾಕಿದ್ದೇ ತಡ, ಹಂಡೆ ಸೊರ್ರನೆ ಸೋರಿ ಒಲೆಯನ್ನೇ ಆರಿಸಿಬಿಟ್ಟಿತು.

ಸಿದ್ದವ್ವ ಒಲೆಯ ಮಣ್ಣು ಒಡೆದು ಹಂಡೆಯನ್ನು ಹೊರಗೆ ಎಳೆದಳು. ಅವಳ ಅತ್ತೆಯ ಕಾಲದಿಂದ ಅದು ಆ ಒಲೆಯಲ್ಲೇ ಮಣ್ಣು ಮೆತ್ತಿಸಿಕೊಂಡು ಕೂತಿತ್ತು. ಹೊರಗೆ ಬೆರಳು ದಪ್ಪ ಮಸಿ. ಒಳಗೆ ಗಡಸು ನೀರಿನ ಬಿಳಿ ಪೊರೆ. ಅದು ಯಾವ ಲೋಹದ್ದು ಎಂದು ಅವಳು ಒಂದು ದಿನವೂ ಯೋಚಿಸಿದವಳಲ್ಲ. ದಿನಾ ನೀರು ಕಾಯಿಸುವವರಿಗೆ ಅದೆಲ್ಲ ಯಾಕೆ ನೆನಪಾಗುತ್ತದೆ ಹೇಳಿ.

ಅಷ್ಟರಲ್ಲಿ ಹೊರಗೆ ಗಾಡಿಯ ಗಡಗಡ ಸದ್ದು ಕೇಳಿಸಿತು.

"ಹಳೇ ಕಬ್ಬಿಣ, ಹಳೇ ತಾಮ್ರ, ತೂತು ತಪ್ಪಲೆ, ಮುರಿದ ಬಕೀಟು ತನ್ರೀ. ಖರ್ಜೂರ ತಗೊಂಡ್ ಹೋಗ್ರೀ."

ಗುಜರಿ ಗುರುಪಾದ ಬಂದಿದ್ದ. ಅವನು ಗುಳ್ಳೆನರಿ. ತಳ್ಳುಗಾಡಿಯ ತುಂಬ ಹಳೆಯ ಪಾತ್ರೆಗಳ ರಾಶಿ, ಒಂದು ಮೂಲೆಯಲ್ಲಿ ಖರ್ಜೂರದ ಮೂಟೆ. ರಾಶಿಯ ನೆತ್ತಿಯ ಮೇಲೆ ಮಿರಮಿರ ಮಿಂಚುವ ಹೊಸ ಅಲ್ಯುಮಿನಿಯಂ ಹಂಡೆ. ಕಾಡಿಗೆ ಕಾಡೇ ಓಡಿ ಬಂತು. ಮೊಲದ ಮರಿಗಳು ಕಾಲ ಸಂದಿಯಲ್ಲಿ ನುಗ್ಗಿದವು. ಹುಣಸೆ ಮರದ ಅಳಿಲು ಚಿಕ್ಕತಾಯಿ ತುದಿಕೊಂಬೆಯಿಂದ ಕೆಳಕೊಂಬೆಗೆ ಒಂದೇ ನೆಗೆತಕ್ಕೆ ಇಳಿದಳು. ಕಾಟಿ ದೊಡ್ಡೀರಯ್ಯ ಕೂಡ ಮೇಯುವುದು ಬಿಟ್ಟು ಬಂದು ನಿಂತ. ಕಾಟಿ ಎಂದರೆ ಕಾಡುಕೋಣ. ಅವನು ನಿಂತರೆ ದಾರಿಯೇ ಮುಚ್ಚಿಹೋಗುತ್ತದೆ.

ಗುರುಪಾದನ ವ್ಯಾಪಾರದ ಲೆಕ್ಕ ಸಲೀಸಾಗಿತ್ತು. ತಾಮ್ರ ತಂದವರಿಗೆ ಹೊಸ ಪಾತ್ರೆ. ಕಬ್ಬಿಣ ತಂದವರಿಗೆ ಬೊಗಸೆ ಖರ್ಜೂರ. ಯಾವುದು ತಾಮ್ರ, ಯಾವುದು ಕಬ್ಬಿಣ ಎಂದು ಹೇಳುವುದಕ್ಕೆ ಅವನ ಕೊರಳಲ್ಲಿ ಒಂದು ಅಯಸ್ಕಾಂತ ತೂಗುತ್ತಿತ್ತು.

"ನನ್ನ ಮಾತು ನಂಬಬೇಡಿ, ಇದರ ಮಾತು ನಂಬಿ. ಕಬ್ಬಿಣವಾದರೆ ಹಿಡಿಯುತ್ತೆ, ತಾಮ್ರವಾದರೆ ಬಿಡುತ್ತೆ. ಅಯಸ್ಕಾಂತ ಯಾವತ್ತೂ ಸುಳ್ಳು ಹೇಳಲ್ಲ" ಎನ್ನುತ್ತಿದ್ದ.

ಸಿದ್ದವ್ವ ಹಂಡೆಯನ್ನು ಉರುಳಿಸಿಕೊಂಡು ಬಂದಳು. ಬಾಗಿಲಲ್ಲಿ ಹೊನ್ನಿ ಸೊಂಟ ಹಿಡಿದುಕೊಂಡು ನಿಂತು ನೋಡುತ್ತಿದ್ದಳು.

ಗುರುಪಾದ ಹಂಡೆಗೆ ಉಗುರಿನಿಂದ ಒಂದು ಸಲ ತಟ್ಟಿದ. ಎತ್ತಿ ಭಾರ ನೋಡಿದ. ಹತ್ತು ಕಾಡು ಸುತ್ತಿ ಗುಜರಿ ಕೊಂಡವನು ಅವನು. ಅಪ್ಪಟ ತಾಮ್ರ, ಅದೂ ಹಳೆಯ ಕಾಲದ ದಪ್ಪ ತಗಡು ಎಂದು ಆ ಸದ್ದಿನಲ್ಲೇ ಗೊತ್ತಾಯಿತು. ಆದರೆ ಮುಖ ಮಾತ್ರ ಹರಳೆಣ್ಣೆ ಕುಡಿದವನ ಹಾಗೆ ಮಾಡಿಕೊಂಡ.

"ಅಯ್ಯೋ ಸಿದ್ದವ್ವ, ಇದನ್ನ ಯಾಕವ್ವ ಎಳಕೊಂಡು ಬಂದೆ" ಎಂದು ಅಯಸ್ಕಾಂತ ಬಿಚ್ಚಿದ. ಹಂಡೆಯ ಎರಡು ಪಕ್ಕದಲ್ಲೂ ಎತ್ತಲಿಕ್ಕೆ ಬಳೆಗಳಿದ್ದವು. ಅವು ಕಬ್ಬಿಣದವು. ಹಂಡೆ ತಾಮ್ರದ್ದಾದರೂ ಬಳೆ ಕಬ್ಬಿಣದ್ದೇ ಇರುವುದುಂಟು. ಅವನು ಅಯಸ್ಕಾಂತವನ್ನು ಮಸಿ ಹಿಡಿದ ಒಂದು ಬಳೆಗೆ ತಾಗಿಸಿದ. ಟಪ್ಪನೆ ಹಿಡಿಯಿತು. ಇನ್ನೊಂದಕ್ಕೆ ತಾಗಿಸಿದ. ಟಪ್ಪನೆ ಹಿಡಿಯಿತು.

"ನೋಡಿದ್ರಾ ಎಲ್ಲರೂ. ಕಬ್ಬಿಣ" ಎಂದ.

ಎಲ್ಲರೂ ನೋಡಿದರು, ಎಲ್ಲರೂ ತಲೆಯಾಡಿಸಿದರು. ಮಸಿಯ ಹಂಡೆ, ಮಸಿಯ ಬಳೆ. ಎಲ್ಲವೂ ಒಂದೇ ಕಪ್ಪು.

ಸಿದ್ದವ್ವನ ಮುಖ ಬಾಡಿತು. "ಹೊಸ ಹಂಡೆ ಸಿಗುತ್ತೇನೋ ಅಂತ ಬಂದೆ ಕಣಪ್ಪ. ಮಗಳು ಇವತ್ತೋ ನಾಳೆಯೋ ಅಂತಿದ್ದಾಳೆ. ಬಿಸಿನೀರಿಗೆ ಗತಿ ಇಲ್ಲ."

"ಕಬ್ಬಿಣಕ್ಕೆ ಹಂಡೆ ಕೊಟ್ಟರೆ ನನ್ನ ಹೆಂಡ್ತಿ ಮಕ್ಕಳ ಬಾಯಿಗೆ ಮಣ್ಣೇ ಗತಿ. ಆದರೂ ನಿನ್ನ ಮುಖ ನೋಡಿ ಹೇಳ್ತೀನಿ. ಮೂರು ಬೊಗಸೆ ಖರ್ಜೂರ, ಜೊತೆಗೆ ಒಂದು ಚೊಂಬು."

ಚೊಂಬಿನಲ್ಲಿ ಬಾಣಂತಿಗೆ ನೀರು ಕಾಯಿಸಿದರೆ ಒಂದು ಕಿವಿ ನೆನೆಯುವಷ್ಟರಲ್ಲಿ ಇನ್ನೊಂದು ಕಿವಿ ಒಣಗುತ್ತದೆ. ಆದರೆ ಏನೂ ಇಲ್ಲದ್ದಕ್ಕಿಂತ ಅದಾದರೂ ಆಯಿತಲ್ಲ ಎಂದು ಸಿದ್ದವ್ವ ಒಪ್ಪಿದಳು. ಗುರುಪಾದ ಎರಡೂ ಕೈ ಚಾಚಿ ಹಂಡೆಯನ್ನು ಅಪ್ಪಿಕೊಂಡ.

"ತಡಿಯಪ್ಪ" ಎಂದಳು ಸಿದ್ದವ್ವ. "ತೊಳೆದು ಕೊಡ್ತೀನಿ."

ಗುರುಪಾದನ ಕೈ ಅಲ್ಲೇ ನಿಂತಿತು. "ಏನಂದೆ?"

"ತೊಳೆದು ಕೊಡ್ತೀನಿ ಅಂದೆ. ಮಸಿ ಪಾತ್ರೆ ನಮ್ಮ ಹೊಸಿಲು ದಾಟಬಾರದು. ನಮ್ಮತ್ತೆ ಅದೊಂದು ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ನೆರೆಮನೆಗೆ ಬಟ್ಟಲು ಕೊಟ್ಟರೂ ತಿಕ್ಕಿ ಬೆಳಗಿಯೇ ಕೊಡಬೇಕು."

"ಗುಜರಿಗೆ ಯಾರಾದರೂ ತೊಳೆದು ಕೊಡ್ತಾರೇನವ್ವ? ನಾಳೆ ಇದನ್ನ ಕುಲುಮೆಗೆ ಹಾಕಿ ಕರಗಿಸ್ತಾರೆ."

"ಕರಗಿಸಲಿ. ನನ್ನ ಮನೆಯಿಂದ ಹೋಗುವಾಗ ಚೆನ್ನಾಗಿ ಹೋಗಬೇಕು. ಅರ್ಧ ಗಳಿಗೆ ಅಷ್ಟೆ."

ಗುರುಪಾದ ದನಿ ಮೆತ್ತಗೆ ಮಾಡಿದ. "ಹೆರಿಗೆ ಮನೆ, ನಿನಗೆ ಯಾಕೆ ತೊಂದರೆ. ಹೋಗಲಿ, ನಾಲ್ಕು ಬೊಗಸೆ ಖರ್ಜೂರ ತಗೋ. ಹೀಗೇ ಕೊಟ್ಟುಬಿಡು."

"ಮೂರೇ ಸಾಕಪ್ಪ. ಒಪ್ಪಿದ ಮೇಲೆ ಮುಗೀತು. ತೊಳೀತೀನಿ."

"ಐದು."

"ಬೇಡ ಅಂದ್ನಲ್ಲ."

"ಐದು ಬೊಗಸೆ, ಎರಡು ಚೊಂಬು. ಮೇಲೊಂದು ಸೌಟು."

ಸೇರಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಕೊಡುವವಳು ಜಾಸ್ತಿ ಕೇಳಬೇಕು, ಕೊಳ್ಳುವವನು ಕಡಿಮೆ ಮಾಡಬೇಕು. ಅದು ಲೋಕದ ಚೌಕಾಸಿ. ಇಲ್ಲಿ ಕೊಡುವವಳು ಬೇಡ ಬೇಡ ಎನ್ನುತ್ತಿದ್ದಾಳೆ, ಕೊಳ್ಳುವವನು ಏರಿಸುತ್ತಲೇ ಇದ್ದಾನೆ. ಮೊಲದ ಮರಿಗಳಿಗೆ ಕುಣಿಯುವಷ್ಟು ಖುಷಿ. ಒಂದೊಂದು ಬೊಗಸೆಗೂ ಕಿವಿ ನಿಮಿರಿಸಿ "ಆರು, ಏಳು" ಎಂದು ಅವೇ ಕೂಗತೊಡಗಿದವು.

ಆಗ ಬಾಗಿಲಲ್ಲಿ ಹೊನ್ನಿ ಗೋಡೆ ಹಿಡಿದು ಬಗ್ಗಿದಳು. "ಅವ್ವಾ, ನೋವು ಶುರುವಾಯ್ತು" ಎಂದಳು.

ಸಿದ್ದವ್ವ ಗಾಬರಿಯಿಂದ ತಿರುಗಿದಳು. ಗುರುಪಾದ ಅದನ್ನೇ ಕಾದಿದ್ದವನಂತೆ ಗಾಡಿಯ ಹಿಡಿಗೆ ಕೈ ಹಾಕಿದ.

"ನೋಡು ಸಿದ್ದವ್ವ. ನನಗೆ ಹೊತ್ತಾಯ್ತು. ಹೀಗೇ ಕೊಟ್ಟರೆ ಎರಡು ಚೊಂಬು ಈಗಲೇ ನಿನ್ನ ಕೈಗೆ. ತೊಳೀತೀನಿ ಅಂತ ಕೂತರೆ ನಾನು ಹೊರಟೆ. ಆಮೇಲೆ ಚೊಂಬೂ ಇಲ್ಲ, ಹಂಡೆಯೂ ಇಲ್ಲ. ಮಗಳ ಗತಿ ನೀನೇ ಯೋಚನೆ ಮಾಡು."

"ಕೊಟ್ಟುಬಿಡವ್ವ" ಎಂದಳು ಹೊನ್ನಿ. "ಎರಡು ಚೊಂಬು ಬರುತ್ತಲ್ಲ."

ಸಿದ್ದವ್ವ ಹಂಡೆಯ ಮೇಲೆ ಕೈ ಇಟ್ಟು ನಿಂತಳು. ಮಗಳನ್ನು ನೋಡಿದಳು. ಚೊಂಬುಗಳನ್ನು ನೋಡಿದಳು. ನಿಜ ಹೇಳಬೇಕೆಂದರೆ ಅವಳಿಗೆ ಭಯವಾಗಿತ್ತು. ಹೊನ್ನಿ ಅವಳಿಗೆ ಒಬ್ಬಳೇ ಮಗಳು. ಆದರೆ ಭಯದ ಜೊತೆಗೇ ತಲೆಯಲ್ಲಿ ಒಂದು ಪ್ರಶ್ನೆಯೂ ಕೊರೆಯತೊಡಗಿತು. ಪಾತ್ರೆ ತೊಳೆಯುವುದಕ್ಕೆ ಕೂಲಿ ಕೊಡುವವರುಂಟು. ತೊಳೆಯದೆ ಇರುವುದಕ್ಕೆ ಕೂಲಿ ಕೊಡುವವನನ್ನು ಯಾರು ಕಂಡಿದ್ದಾರೆ? ಅವಳ ಬೆನ್ನಿನ ಮುಳ್ಳುಗಳು ಒಂದೊಂದಾಗಿ ನಿಮಿರಿದವು.

"ಗುರುಪಾದಪ್ಪ, ಮಸಿಗೆ ಅಷ್ಟು ಬೆಲೆಯಾ?" ಎಂದಳು.

ಗುರುಪಾದ ಗಾಡಿಯ ಹಿಡಿಯನ್ನು ಬಿಟ್ಟ, ಮತ್ತೆ ಹಿಡಿದ.

"ಚಿಕ್ಕತಾಯಿ, ಹುಣಸೆಹಣ್ಣು ಉದುರಿಸು ತಾಯಿ. ಮಕ್ಕಳಾ, ಒಲೆಯ ಬೂದಿ ತನ್ನಿ, ಒಣಹುಲ್ಲು ತನ್ನಿ. ದೊಡ್ಡೀರಯ್ಯ, ನೀನು ಇಲ್ಲೇ ನಿಂತಿರಪ್ಪ, ಸ್ವಲ್ಪ ದಾರಿಗೆ ಅಡ್ಡ."

ದೊಡ್ಡೀರಯ್ಯನಿಗೆ ಹೊಸದಾಗಿ ಮಾಡಬೇಕಾದ ಕೆಲಸವೇನೂ ಇರಲಿಲ್ಲ. ನಿಂತಲ್ಲೇ ನಿಂತ. ಚಿಕ್ಕತಾಯಿ ಕೊಂಬೆಯನ್ನು ಅಲ್ಲಾಡಿಸಿದಳು. ಹುಣಸೆಹಣ್ಣು ಪಟಪಟ ಉದುರಿತು. ಮರಿಗಳು ಬೂದಿ ತಂದವು, ತಂದದ್ದಕ್ಕಿಂತ ಹೆಚ್ಚು ಮೈಗೆ ಬಳಿದುಕೊಂಡವು. ಸಿದ್ದವ್ವ ಹಂಡೆಗೆ ಬೆನ್ನು ಕೊಟ್ಟು ನಿಂತು ಮುಳ್ಳುಗಳಿಂದ ಮಸಿ ಕೆರೆಯತೊಡಗಿದಳು. ಪೊರೆ ಪೊರೆಯಾಗಿ ಮಸಿ ಎದ್ದು ಬಂತು. ಬಾಗಿಲಲ್ಲಿ ಹೊನ್ನಿ ನೋವಿಗೆ ಹಲ್ಲು ಕಚ್ಚಿದ್ದಳು, ಆದರೂ ಅಲ್ಲಿಂದ ಕದಲಲಿಲ್ಲ. ಅಷ್ಟು ಕುತೂಹಲ. ಆಮೇಲೆ ಸಿದ್ದವ್ವ ತಿರುಗಿ, ಹುಣಸೆಹಣ್ಣಿಗೆ ಬೂದಿ ಕಲಸಿ, ಒಣಹುಲ್ಲನ್ನು ಅದರಲ್ಲಿ ಅದ್ದಿ ಒಂದೇ ಸಮನೆ ಉಜ್ಜಿದಳು.

ಮೊದಲು ಕಂದು ಕಂಡಿತು. ಇನ್ನೊಂದಿಷ್ಟು ಉಜ್ಜಿದಳು. ನೀರು ಸುರಿದಳು.

ಬಿಸಿಲು ಹಂಡೆಯ ಹೊಟ್ಟೆಗೆ ಬಿದ್ದು ಕೆಂಪಗೆ ಹೊಳೆಯಿತು. ಸೇರಿದ್ದವರ ಮುಖಕ್ಕೆಲ್ಲ ಆ ಕೆಂಪು ಬಡಿಯಿತು.

"ತಾಮ್ರ ಕಣ್ರೋ" ಎಂದು ಚಿಕ್ಕತಾಯಿ ಕೂಗಿದ್ದೇ ಸರಿ, ಮರಿಗಳು ಕಾಡೇ ಹಾರಿಹೋಗುವ ಹಾಗೆ ಕೇಕೆ ಹಾಕಿದವು.

ಗುರುಪಾದ ಮೆಲ್ಲಗೆ ಹಿಂದಕ್ಕೆ ಹೆಜ್ಜೆ ಇಟ್ಟ. ಬೆನ್ನಿಗೆ ಏನೋ ತಾಗಿತು. ದೊಡ್ಡೀರಯ್ಯನ ಮೂತಿ.

"ಅರೆ, ಇದೇನಿದು ಸೋಜಿಗ" ಎಂದು ಗುರುಪಾದ ನಗಲು ನೋಡಿದ. "ಈ ಅಯಸ್ಕಾಂತ ಕೆಟ್ಟುಹೋಗಿದೆ ಅಂತ ಕಾಣುತ್ತೆ."

ಸಿದ್ದವ್ವ ಅಯಸ್ಕಾಂತವನ್ನು ಅವನ ಕೈಯಿಂದ ತೆಗೆದುಕೊಂಡಳು. ಹಂಡೆಯ ಹೊಟ್ಟೆಗೆ ಇಟ್ಟಳು. ಜಾರಿ ನೆಲಕ್ಕೆ ಬಿತ್ತು. ಬಳೆಗೆ ಇಟ್ಟಳು. ಟಪ್ಪನೆ ಹಿಡಿಯಿತು.

"ಕೆಟ್ಟಿಲ್ಲ ಕಣಪ್ಪ. ಅಯಸ್ಕಾಂತ ಸುಳ್ಳು ಹೇಳಲ್ಲ ಅಂದೆಯಲ್ಲ, ನಿಜ. ಅದು ಬಳೆಯ ವಿಚಾರ ಹೇಳಿತು. ಹಂಡೆಯ ವಿಚಾರ ಹೇಳಿದವನು ನೀನು."

ದೊಡ್ಡೀರಯ್ಯನಿಗೆ ಬುದ್ಧಿ ಸ್ವಲ್ಪ ನಿಧಾನ. ಆದರೆ ಬಂದರೆ ಪೂರ್ತಿ ಬರುತ್ತದೆ. "ಹೋದ ವಾರ ನಾನೊಂದು ಕೊಪ್ಪರಿಗೆ ಕೊಟ್ಟೆ" ಎಂದ. "ಅದಕ್ಕೂ ಬಳೆ ಇತ್ತು."

"ನನ್ನ ಬಿಂದಿಗೆಗೂ ಕಬ್ಬಿಣದ ಹಿಡಿ ಇತ್ತು" ಎಂದಳು ಚಿಕ್ಕತಾಯಿ.

"ನಮ್ಮವ್ವನ ತಪ್ಪಲೆಗೂ" ಎಂದವು ಮರಿಗಳು.

ಎಲ್ಲರ ಕಣ್ಣೂ ಗಾಡಿಯ ಕಡೆ ತಿರುಗಿತು. ರಾಶಿಯ ಪಾತ್ರೆಗಳೆಲ್ಲ ಇನ್ನೂ ಕಪ್ಪಗೇ ಇದ್ದವು. ಒಂದನ್ನೂ ಗುರುಪಾದ ತೊಳೆದಿರಲಿಲ್ಲ. ದಾರಿಯಲ್ಲಿ ಯಾರೂ ತಾಮ್ರವೆಂದು ಗುರುತು ಹಿಡಿಯಬಾರದೆಂದು ಅವನೇ ಹಾಗೆ ಇಟ್ಟುಕೊಂಡಿದ್ದ.

"ಈ ಮಸಿ ಅಂದರೆ ನಿನಗೆ ಪ್ರಾಣ ಅಲ್ಲವೇನಪ್ಪ" ಎಂದಳು ಸಿದ್ದವ್ವ. "ಹೊಳೆ ಇಲ್ಲೇ ಇದೆ. ಹುಣಸೆಹಣ್ಣಿಗೆ ಬರ ಇಲ್ಲ. ಒಂದೊಂದನ್ನೂ ನೀನೇ ತೊಳಿ. ಕೆಂಪಾದದ್ದು ಅವರವರಿಗೆ. ಕಪ್ಪಾಗೇ ಉಳಿದದ್ದು ನಿನಗೆ."

ಅಷ್ಟು ಹೇಳಿ ಅವಳು ಗಾಡಿಯ ನೆತ್ತಿಯಿಂದ ಹೊಸ ಹಂಡೆಯನ್ನು ಇಳಿಸಿಕೊಂಡಳು. ತನ್ನ ತಾಮ್ರದ ಹಂಡೆಯನ್ನು ಅದೇ ಜಾಗದಲ್ಲಿ ಇಟ್ಟಳು. ತಾಮ್ರಕ್ಕೆ ಹೊಸ ಪಾತ್ರೆ ಎಂದು ಹೇಳಿದವನು ಅವನೇ. ಮಾತಿಗೆ ಮಾತು ಸರಿಹೋಯಿತು. ಹೊನ್ನಿಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡಳು.

ಹೊರಗೆ ಗಡಿಬಿಡಿಯೋ ಗಡಿಬಿಡಿ. ದೊಡ್ಡೀರಯ್ಯನ ಕೊಂಬಿಗೆ ಎರಡೆರಡು ಕೊಡ ಸಿಕ್ಕಿಸಿ ಹೊಳೆಯಿಂದ ನೀರು ತರಿಸಿದರು. ಚಿಕ್ಕತಾಯಿ ಬಚ್ಚಲ ಒಲೆಗೆ ಪುಳ್ಳೆ ಒಟ್ಟಿದಳು. ಹೊಸ ಹಂಡೆಯಲ್ಲಿ ನೀರು ಕುದಿಯತೊಡಗಿತು. ಹೊಳೆಯ ದಂಡೆಯಲ್ಲಿ ಗುರುಪಾದ ಉಜ್ಜುತ್ತಿದ್ದ. ಕೊಪ್ಪರಿಗೆ ಕೆಂಪಾಯಿತು. ಬಿಂದಿಗೆ ಕೆಂಪಾಯಿತು. ತಪ್ಪಲೆ ಕೆಂಪಾಯಿತು. ಒಂದೊಂದು ಕೆಂಪಾದಾಗಲೂ ಮರಿಗಳು ಕುಣಿದವು, ಅದರ ಒಡೆಯರು ಓಡಿ ಬಂದು ಎತ್ತಿಕೊಂಡು ಹೋದರು. ರಾಶಿ ಕರಗುತ್ತಾ ಬಂತು. ಹುಳಿಗೂ ಬೂದಿಗೂ ಗುರುಪಾದನ ಅಂಗೈ ಸುಲಿಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಳಗಿನಿಂದ ಕೂಸಿನ ಕೀಚು ದನಿ ಕೇಳಿತು. ಹೆಣ್ಣು ಕೂಸು. ಇಡೀ ಕಾಡು ಹಿಗ್ಗಿತು. ಬಚ್ಚಲಿನಿಂದ ಬಿಸಿನೀರಿನ ಹಬೆ ಎದ್ದಿತು. ಹೊನ್ನಿಗೆ ಸೊಂಟ ತುಂಬ, ಬೆನ್ನು ತುಂಬ ನೀರು ಹಾಕಿದ್ದಾಯಿತು. ಹಂಡೆಯಲ್ಲಿ ಇನ್ನೂ ನೀರು ಉಳಿಯಿತು.

ಗುರುಪಾದ ಕೊನೆಯ ಪಾತ್ರೆ ತೊಳೆದು ತಲೆ ತಗ್ಗಿಸಿ ಬಂದ. ಗಾಡಿಯ ರಾಶಿಯಲ್ಲಿ ಸಿದ್ದವ್ವನ ಹಳೆಯ ಹಂಡೆ, ನಾಲ್ಕು ಕಬ್ಬಿಣದ ಬಾಣಲೆ ಬಿಟ್ಟರೆ ಏನೂ ಇರಲಿಲ್ಲ. "ಹೋಗಿಬರಲಾ?" ಎಂದ.

ಸಿದ್ದವ್ವ ಅವನ ಕೈ ನೋಡಿದಳು. ಒಳಗೆ ಹೋಗಿ ಚೊಂಬಿನಲ್ಲಿ ಬೆಚ್ಚನೆಯ ನೀರು ತಂದಳು. "ಕೈ ನೀಡು" ಎಂದಳು. ಸುಲಿದ ಅಂಗೈ ಮೇಲೆ ಮೆಲ್ಲಗೆ ಸುರಿದಳು.

ಬೈದಿದ್ದರೆ ಗುರುಪಾದ ತಿರುಗಿ ಏನಾದರೂ ಹೇಳುತ್ತಿದ್ದ. ಹೊಡೆದಿದ್ದರೆ ಓಡಿಹೋಗುತ್ತಿದ್ದ. ಇದಕ್ಕೆ ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಇದೇ ನೀರನ್ನು ಈ ತಾಯಿಯ ಮಗಳಿಗೆ ಸಿಗದ ಹಾಗೆ ಮಾಡಲು ಹೊರಟಿದ್ದೆನಲ್ಲ ಎಂದು ಅವನಿಗೆ ಆಗ ಹೊಳೆಯಿತು. ನಾಚಿಕೆಯಿಂದ ಕಣ್ಣು ತುಂಬಿತು.

"ತಪ್ಪಾಯ್ತು ಕಣವ್ವ" ಎಂದ. ಈ ಸಲ ಅವನ ಮುಖದಲ್ಲಿ ವ್ಯಾಪಾರವಿರಲಿಲ್ಲ.

ನೀತಿ: ನ್ಯಾಯದ ವ್ಯಾಪಾರ ಮಾಡುವವನು ವಸ್ತುವನ್ನು ತೊಳೆದು ನೋಡಲು ಹೆದರುವುದಿಲ್ಲ, ನೋಡಬೇಡ ಎಂದು ಆಸೆ ತೋರಿಸುವವನ ಕೈಗೆ ಏನನ್ನೂ ಕೊಡಬಾರದು.