ಕುದುರೆಯ ಒಂದು ಕಿವಿ ಹಿಂದಕ್ಕೆ ತಿರುಗುವುದೇಕೆ

ಭೂಮಿ ಇನ್ನೂ ಹೊಸದಾಗಿದ್ದಾಗ ಗಾಳಿ, ಪ್ರಾಣಿ, ಮನುಷ್ಯ ಎಲ್ಲರಿಗೂ ಒಂದೇ ಮಾತಿತ್ತು. ಆದರೂ ಕುದುರೆಗಳು ಮನುಷ್ಯರನ್ನು ಕಂಡರೆ ಓಡುತ್ತಿದ್ದವು. ಆಗ ಮನುಷ್ಯರು ಕುದುರೆಗಳನ್ನು ಬೇಟೆಯಾಡಿ ತಿನ್ನುತ್ತಿದ್ದರು, ಕಂದಾ.

ಒಂದು ಮರವೂ ಇಲ್ಲದ, ಕಣ್ಣು ಹಾಯಿಸಿದಷ್ಟೂ ಹುಲ್ಲೇ ಇದ್ದ ದೊಡ್ಡ ಬಯಲಿನಲ್ಲಿ ಸಾಯನೆ ಎಂಬ ಹೆಂಗಸೂ ಅವಳ ಗಂಡ ತುರ್ಗನೂ ಇದ್ದರು. ಹುಲ್ಲಿದ್ದ ಕಡೆಗೆ ಕುರಿ ಹೊಡೆದುಕೊಂಡು ಹೋಗಿ, ತೊಗಲಿನ ಗುಡಾರ ಹಾಕಿ ಬದುಕುತ್ತಿದ್ದರು.

ಒಂದು ಚಳಿಗಾಲ ಮೊಣಕಾಲುದ್ದ ಹಿಮ ಬಿದ್ದು ಕಲ್ಲಿನಂತೆ ಗಟ್ಟಿಯಾಯಿತು. ಹುಲ್ಲೆಲ್ಲ ಅಡಿಯಲ್ಲಿ ಉಳಿಯಿತು. ಕುರಿಗಳ ಪುಟ್ಟ ಗೊರಸಿಗೆ ಆ ಹಿಮ ಒಡೆಯಲಿಲ್ಲ. ಒಂದೊಂದಾಗಿ ಕುರಿಗಳು ಸಾಯತೊಡಗಿದವು. ಹಾಲು ಬತ್ತಿತು. ಸಾಯನೆಯ ಕೂಸಿಗೆ ಅಳುವ ಶಕ್ತಿಯೂ ಉಳಿಯಲಿಲ್ಲ.

ಆಗ ಗುಡಾರದ ಹತ್ತಿರ ಕಂದು ಬಣ್ಣದ ಹೆಣ್ಣುಕುದುರೆಯೊಂದು ಬಂತು. ತುಂಬಿದ ಗಬ್ಬ. ಓಡಲಾರದೆ ಹಿಂಡಿನಿಂದ ಹಿಂದೆ ಬಿದ್ದಿತ್ತು. ತುರ್ಗ ಭರ್ಜಿ ಎತ್ತಿಕೊಂಡ.

ಸಾಯನೆ ಅವನ ಕೈ ಹಿಡಿದಳು. "ತಡಿ. ಅದರ ಕಾಲು ನೋಡು."

ಕುದುರೆ ಮುಂಗಾಲಿನಿಂದ ಹಿಮ ಕೆರೆಯುತ್ತಿತ್ತು. ಕೆರೆದಲ್ಲೆಲ್ಲ ಹುಲ್ಲು ಕಾಣುತ್ತಿತ್ತು. ಅದು ನಾಲ್ಕು ಬಾಯಿ ತಿಂದು ಮುಂದೆ ಹೋದರೆ, ಹಿಂದೆಯೇ ಕುರಿಗಳು ಹೋಗಿ ಉಳಿದದ್ದನ್ನು ಮೇಯುತ್ತಿದ್ದವು.

"ಅದನ್ನು ತಿಂದರೆ ಹತ್ತು ದಿನ ಬದುಕುತ್ತೇವೆ. ಬಿಟ್ಟರೆ ಕುರಿಗಳು ಉಳಿಯುತ್ತವೆ, ಮಗುವೂ ಉಳಿಯುತ್ತದೆ," ಎಂದಳು.

ತುರ್ಗನಿಗೆ ಹಸಿವು ಬಹಳವಿತ್ತು. ಆದರೂ ಭರ್ಜಿ ಇಳಿಸಿದ. ಕುದುರೆ ಮರಿ ಹಾಕಿದ ದಿನ ತೋಳಗಳು ಬಂದಾಗ, ಅವುಗಳಿಗೆ ಎದುರಾಗಿ ನಿಂತವನೂ ಅವನೇ.

ಹಿಮ ಕರಗಿತು. ಗಾಳಿ ಬಂದು, ನಿನ್ನ ಹಿಂಡು ಹೊಳೆಯ ಆಚೆ ಕಾಯುತ್ತಿದೆ, ಹೊರಡು ಎಂದು ಕುದುರೆಗೆ ಹೇಳಿತು. ತುರ್ಗ ಹಗ್ಗ ತಂದ. ಸಾಯನೆ ಕಟ್ಟಲು ಬಿಡಲಿಲ್ಲ. ಕುದುರೆಯ ಹಣೆ ಸವರಿ, ಹೋಗಿ ಬಾ ತಾಯಿ ಎಂದಳು.

ಕುದುರೆ ಮರಿಯೊಂದಿಗೆ ದಿಣ್ಣೆ ಹತ್ತಿತು. ಮುಂದೆ ಹೊಳೆಯಾಚೆ ಹಿಂಡು ಕೆನೆಯಿತು. ಅದೇ ಹೊತ್ತಿಗೆ ಹಿಂದೆ ಗುಡಾರದಲ್ಲಿ ಕೂಸು ಗಟ್ಟಿಯಾಗಿ ಅತ್ತಿತು.

ಕುದುರೆ ನಿಂತುಬಿಟ್ಟಿತು. ಒಂದು ಕಿವಿ ಮುಂದಕ್ಕೆ ಮಾಡಿತು, ಇನ್ನೊಂದು ಹಿಂದಕ್ಕೆ.

"ಯಾಕೆ ನಿಂತೆ? ನಿನ್ನವರು ಅಲ್ಲಿದ್ದಾರಲ್ಲ," ಎಂದಿತು ಗಾಳಿ.

"ಇಲ್ಲೂ ಇದ್ದಾರೆ," ಎಂದಿತು ಕುದುರೆ.

ಬಿಸಿಲು ಇಳಿಯುವವರೆಗೂ ಹಾಗೇ ನಿಂತಿತ್ತು. ಆಮೇಲೆ ಮೆಲ್ಲಗೆ ತಿರುಗಿ, ಮರಿಯನ್ನು ಮುಂದೆ ಬಿಟ್ಟುಕೊಂಡು ದಿಣ್ಣೆ ಇಳಿದು ಬಂತು.

ಈಗಲೂ ನೀನು ಕುದುರೆಯ ಬೆನ್ನೇರಿ ಮೆಲ್ಲಗೆ ಏನಾದರೂ ಹೇಳಿ ನೋಡು, ಅದರ ಒಂದು ಕಿವಿ ದೂರದ ಬಯಲಿನ ಕಡೆಗೇ ಇರುತ್ತದೆ, ಇನ್ನೊಂದು ಹಿಂದಕ್ಕೆ ತಿರುಗಿ ನಿನ್ನ ಮಾತು ಕೇಳುತ್ತದೆ.